ತುಪ್ಪ ಬೇಡವೆಂದವನು

"ಗದ್ದದ ಬಟ್ಟೆ ಬಿಚ್ಚು ಮುನಿಯಲ್ಲಮ್ಮ, ಬಾಯಿಗೆ ತುಪ್ಪ ಬಿಡ್ಬೇಕು."

ಗಂಡನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಮುನಿಯಲ್ಲಮ್ಮ ಅಲುಗಾಡಲಿಲ್ಲ. ಎದುರಿಗೆ ಬಟ್ಟಲು, ಚಮಚ ಹಿಡಿದು ನಿಂತಿದ್ದವಳು ಗಂಡನ ಅಕ್ಕ ಮುನಿಕೃಷ್ಣಮ್ಮ. ಅಮೃತಹಳ್ಳಿಯ ಆ ಗಲ್ಲಿಯಲ್ಲಿ, ಶಾಮಿಯಾನದ ಕೆಳಗೆ, ನೆಂಟರೆಲ್ಲ ಕಾಯುತ್ತಿದ್ದರು.

"ಬೇಡ ಅತ್ತಿಗೆ. ನೀರು ಬಿಡಿ, ಸಾಕು."

"ಅದೇನ್ ಮಾತು? ವೆಂಕಟೇಶ ಹುಟ್ಟಿದಾಗ ತುಪ್ಪ ನೆಕ್ಸಿದ್ದೂ ನಾನೇ ಕಣೆ. ಎಲ್ಲಾ ಆ ಮೀನುಗಳ ಶಾಪ. ಅವನು ಕೆಲ್ಸಕ್ಕಿದ್ದ ಲ್ಯಾಬಲ್ಲಿ ದಿನಾ ಅವುಗಳ ಜೀವ ತೆಗೀತಿದ್ರಲ್ಲ, ಸುಮ್ನೆ ಬಿಡ್ತವಾ?"

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಇದೇ. ಮುನಿಯಲ್ಲಮ್ಮನ ಮೈ ಹೊತ್ತಿಕೊಂಡಿತು. ಹೋದ ವಾರ ಅಬ್ಬಿಗೆರೆಯಲ್ಲಿ, ಇದೇ ಅತ್ತಿಗೆಯ ಗೃಹಪ್ರವೇಶದೂಟದಲ್ಲಿ, ಬೇಡವೆಂದು ಗಂಡ ಎಲೆಗೆ ಅಡ್ಡ ಹಿಡಿದ ಕೈ ಸರಿಸಿ ಹೋಳಿಗೆ ಮುಳುಗುವಷ್ಟು ತುಪ್ಪ ಹುಯ್ದವರು ಮೀನುಗಳೇ? "ಅಕ್ಕನ ಮನೆ ತುಪ್ಪ ಬೇಡ್ವಂತೆ, ಸೊಕ್ಕು ನೋಡು!" ಎಂದಾಗ ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಅವನು ಮರ್ಯಾದೆಗೆ ಅಂಜಿ ತಿಂದ. ಅಂದೇ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದವನು ಹೆಣವಾಗಿ ಮನೆಗೆ ಬಂದ.

*

ವೆಂಕಟೇಶಪ್ಪ ಆ ಲ್ಯಾಬಿನಲ್ಲಿ ತೊಟ್ಟಿ ತೊಳೆದು ಮೀನಿಗೆ ಮೇವು ಹಾಕುತ್ತಿದ್ದ. ಆಯುಧಪೂಜೆಯ ದಿನ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ಮೈಕ್ರೋಸ್ಕೋಪಿಗೂ ಕುಂಕುಮ, ಚೆಂಡುಹೂವು ಏರಿದ್ದವು. ಸಂಶೋಧನೆ ಮಾಡುವ ಹುಡುಗಿ ಮುಸರ್ರತ್ "ಬನ್ನಿ ಆಂಟಿ, ನೋಡಿ" ಎಂದು ಕರೆದಳು.

ಗಾಜಿನಂಥ ಪುಟ್ಟ ಮರಿಗಳು, ಒಳಗಿನದೆಲ್ಲ ಕಾಣುತ್ತಿತ್ತು. ಮೇವಿನ ಕೊಬ್ಬಿಗೆ ಹೊಳೆಯುವ ಬಣ್ಣ ಬೆರೆಸಿದ್ದರು. ಒಂದು ಮರಿಯ ರಕ್ತ ಆಗಲೇ ತಿಳಿಯಾಗಿತ್ತು. ಇನ್ನೊಂದರ ನರನರವೂ ಹಸಿರಾಗಿ ಹೊಳೆಯುತ್ತಲೇ ಇತ್ತು.

"ಇದಕ್ಕೆ ತಿಂದ ಕೊಬ್ಬು ರಕ್ತದಿಂದ ಇಳಿಯೋದೇ ಇಲ್ಲ ಆಂಟಿ. ಹುಟ್ಟಿನಿಂದ್ಲೇ ಹಂಗೆ."

"ನನ್ ಥರಾನೇ ಕಣೆ!" ವೆಂಕಟೇಶಪ್ಪ ಜೊತೆಗಾರ ಸಿಕ್ಕವನಂತೆ ನಕ್ಕ. "ಡಾಕ್ಟ್ರು ತೆಗೆದಾಗ ನನ್ ರಕ್ತಾನೂ ಹಾಲಿನಂಗಿತ್ತಲ್ಲ, ಅದೇ ಕಾಯ್ಲೆ. ತುಪ್ಪ ಮುಟ್ಲೇಬೇಡ ಅಂದ್ರಲ್ಲ. ಆದ್ರೆ ಇಲ್ಲಿ ಇದಕ್ಕೆ ಸೊಕ್ಕು ಅಂತ ಯಾರೂ ಅನ್ನಲ್ಲ, ನೋಡು."

*

ಮುನಿಕೃಷ್ಣಮ್ಮ ತಾನೇ ಬಟ್ಟೆ ಬಿಚ್ಚಿದಳು. "ಕೊನೇ ಸಲನಾದ್ರೂ ಬೇಡ ಅನ್ದೆ ತಿನ್ಲಿ ನನ್ ತಮ್ಮ."

"ಬಾಯ್ಬಿಟ್ಟು ಬೇಡ ಅಂದಾಗ್ಲೇ ನೀವು ಕೇಳ್ಲಿಲ್ಲ," ಮುನಿಯಲ್ಲಮ್ಮನ ದನಿ ಗಲ್ಲಿಗೆಲ್ಲ ಕೇಳಿಸಿತು. "ಈಗ ಬೇಡ ಅನ್ನೋಕೂ ಆಗಲ್ಲ ಅಂತ ಬಂದ್ರಾ, ಅತ್ತಿಗೆ?"

ಚಮಚ ಆಗಲೇ ಬಗ್ಗಿತ್ತು. ಅವಳು ಗಂಡನ ಬಾಯಿಗೆ ಅಂಗೈ ಅಡ್ಡ ಇಟ್ಟಳು. ತುಪ್ಪ ಬೆರಳುಗಳ ಮೇಲೆ ಹರಿದು ಬಳೆಗಳೊಳಕ್ಕೆ ಇಳಿಯಿತು. ಚಟ್ಟ ಎತ್ತುವವರು ಬಂದು ನಿಂತರೂ ಅವಳು ಕೈ ತೆಗೆಯಲಿಲ್ಲ. ಕೊನೆಗೆ ತೆಗೆದಾಗ, ಅದರಡಿಯ ತುಟಿಗಳು ಒಣಗಿಯೇ ಇದ್ದವು.