ಅಪ್ಪನ ದನಿ ಯಾರ ಖಾತೆಯಲ್ಲಿತ್ತು?

ಮಕಾಸ್ಸರ್‌ನ ವಿಶ್ವವಿದ್ಯಾಲಯದಲ್ಲಿ ಮರ್ಹಮಾ ಮೇಡಂ ಅವರ ಬೀಳ್ಕೊಡುಗೆಗೆ ಇನ್ನು ಎರಡೇ ದಿನ. ಮೂವತ್ತೊಂದು ವರ್ಷ ಜಾನಪದ ಪಾಠ ಹೇಳಿದವರು. ಭಾಷಣ ಗೀಷಣ ಬೇಡ, ಅಪ್ಪನ ದನಿ ಕೇಳಿಸಿಬಿಡೋಣ ಅಂದುಕೊಂಡಿದ್ದರು. ಅಪ್ಪ ಬಿರಾ ಕಡಲತೀರದಲ್ಲಿ ಹಡಗು ಕಟ್ಟುವ ಮೇಸ್ತ್ರಿ. ಹೊಸ ಹಡಗನ್ನು ಊರೆಲ್ಲ ಸೇರಿ ನೀರಿಗೆ ಎಳೆಯುವಾಗ ಅವರು ಹಾಕುತ್ತಿದ್ದ ಕೂಗನ್ನು ಈಗ ನಿವೃತ್ತರಾಗಿರುವ ಸಹೋದ್ಯೋಗಿ ಲಾಂತೊ ಸರ್ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಕ್ಯಾಸೆಟ್ಟು ಹಾಳಾಗುವ ಮುಂಚೆ ಅದನ್ನು ವಿಶ್ವವಿದ್ಯಾಲಯದ ಕ್ಲೌಡ್ ಸಂಗ್ರಹಕ್ಕೆ ಏರಿಸಿದ್ದರು. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಉಳಿದದ್ದು ಆ ದನಿಯೊಂದೇ.

ಮೇಡಂ ಫೈಲ್ ಒತ್ತಿದರು. ಮಾಲೀಕರ ಖಾತೆ ಮುಚ್ಚಿದೆ ಎಂದು ಬಂತು. ಕೂಡಲೇ ಅಂಜಾಸ್‌ಗೆ ಫೋನು ಮಾಡಿದರು.

ಸಂಗ್ರಹ ನೋಡಿಕೊಳ್ಳುವ ಅಂಜಾಸ್ ಅವರ ಹಳೆಯ ಶಿಷ್ಯ. ಬೆಲ್ಲದ ಪಾಕ ಸುರಿದ ಸುಟ್ಟ ಬಾಳೆಹಣ್ಣು ಕಟ್ಟಿಸಿಕೊಂಡೇ ಬಂದ. ಮೇಡಂ ಹಣ್ಣು ಮುಟ್ಟದೆ ಹಳೆಯ ಕಾಲದ ಮಾತು ತೆಗೆದರು. ಆಗ ಎಲ್ಲ ಕ್ಯಾಸೆಟ್ಟೂ ಒಂದೇ ಕಬ್ಬಿಣದ ಬೀರುವಿನಲ್ಲಿ, ಬೀಗದಕೈ ಬಾಗಿಲ ಹಿಂದಿನ ಮೊಳೆಯಲ್ಲಿ. ಮಳೆಗಾಲ ಮುಗಿದರೆ ಒಣಮೀನು ಹರಡಿದ ಹಾಗೆ ಅಂಗಳದಲ್ಲಿ ಹರಡುತ್ತಿದ್ದರು. ಎಂಥ ಚೆಂದದ ದಿನಗಳು!

“ಅಲ್ಲಪ್ಪಾ, ಲಾಂತೊ ಸರ್ ಈ ಫೈಲ್ ನಮಗೆಲ್ಲ ಹಂಚಿದ್ರಲ್ಲ?”

“ಹಂಚಿದ್ದು ಬೀಗದಕೈ ಮೇಡಂ. ಬೀರು ಅವರ ಹೆಸರಲ್ಲೇ ಇತ್ತು. ಖಾತೆ ಮುಚ್ಚಿ ತೊಂಬತ್ತು ದಿನಕ್ಕೆ ಬೀರು ಸಮೇತ ಅಳಿಸಿಹೋಗತ್ತೆ. ಇವತ್ತಿಗೆ ಎಂಬತ್ತಾರು.”

“ಅವರು ಹೊರಡೋ ಮುಂಚೆ ವರ್ಗಾಯಿಸಿ ಅಂತ ಕೇಳೋಕೆ ನಿನ್ನ ಬಾಯಿಗೆ ಏನಾಗಿತ್ತು?”

ಅಂಜಾಸ್ ತಲೆ ಕೆರೆದುಕೊಂಡ. “ಕೇಳೋಕೆ ಹೊರಟಿದ್ದೆ. ಹೊರಡೋ ಹಿರಿಯರ ಮುಂದೆ ಕೈ ಚಾಚಬೇಡ, ಹೊರಗೆ ತಳ್ಳಿದ ಹಾಗಾಗತ್ತೆ ಅಂತ ನೀವೇ ಗದರಿದ್ರಿ.”

ಹೌದು, ಗದರಿದ್ದರು. ಲಾಂತೊ ಸರ್‌ಗೆ ಎಲ್ಲ ಸೇರಿ ಲುಂಗಿಯಂತೆ ಉಡುವ ರೇಷ್ಮೆ ಸರೋಂಗ್ ಹೊದಿಸಿ, ಊಟ ಹಾಕಿ, ಫೋಟೊ ತೆಗೆಸಿಕೊಂಡು ಕಳಿಸಿದ್ದರು. ಕೇಳಬೇಕಾದದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮಾಲೀಕರ ಒಪ್ಪಿಗೆ ಬೇಕೆಂದು ಅಂಜಾಸ್ ಹೇಳಿದ ಮೇಲೆ ಮೇಡಂ ಹಿಂಜರಿಯುತ್ತಲೇ ಲಾಂತೊ ಸರ್ ಈಗಿರುವ ಸೆಲಾಯಾರ್ ದ್ವೀಪಕ್ಕೆ ಫೋನು ಮಾಡಿದರು. ವಿಷಯ ಕೇಳಿ ಲಾಂತೊ ಸರ್ ಅಂದರು:

“ಊರೂರು ಅಲೆದು ಕೂಡಿಸಿದ್ದು ನನ್ನ ಹೆಸರಲ್ಲೇ ಮಣ್ಣಾಗಲಿ ಅಂತಲೇನಮ್ಮಾ? ಯಾರೂ ಕೇಳಲಿಲ್ಲ. ನನ್ನ ಕೆಲಸ ಯಾರಿಗೂ ಬೇಡವೇನೋ ಅಂದುಕೊಂಡೆ.”

ಮೇಡಂಗೆ ಅಳು ಬಂತು. ತಪ್ಪಾಯಿತು ಎಂದರು.

ಒಪ್ಪಿಗೆ ಪತ್ರ ಮಧ್ಯಾಹ್ನವೇ ಬಂತು. ಅಂಜಾಸ್ ಎಲ್ಲವನ್ನೂ ವಿಭಾಗದ ಸಾಮಾನ್ಯ ಫೋಲ್ಡರ್‌ಗೆ ವರ್ಗಾಯಿಸಿದ. ಅದು ಯಾರೊಬ್ಬರ ಹೆಸರಿನದ್ದೂ ಅಲ್ಲ. ಒಬ್ಬರು ಹೋದರೆ ಇನ್ನೊಬ್ಬರು ನೋಡಿಕೊಳ್ಳಲಿ ಎಂದು ಇಬ್ಬರನ್ನು ಹೊಣೆ ಮಾಡಿದ. ಮೇಡಂ ಮತ್ತೆ ಒತ್ತಿದರು. ಕಡಲ ಗಾಳಿಯ ಸದ್ದು, ಅದರೊಳಗಿಂದ ಅಪ್ಪ: “ಹಿಡೀರೋ, ಎಲ್ಲಾರೂ ಹಿಡೀರೋ!”

ಮೇಡಂ ಕಣ್ಣೊರೆಸಿಕೊಂಡು, “ನನ್ನ ಖಾತೆಯಲ್ಲಿರೋದನ್ನೂ ಈಗಲೇ ಅಲ್ಲಿಗೆ ಹಾಕು” ಎಂದರು. ಆಮೇಲೆಯೇ ಬಾಳೆಹಣ್ಣು ತಿಂದದ್ದು.

ಓದುತ್ತಿರುವ ಮೇಷ್ಟ್ರೇ, ಮೇಡಂನೋರೇ, ನೀವೆಲ್ಲ ಸೇರಿ ಮಾಡಿದ ಕೆಲಸ ಯಾರ ಖಾತೆಯಲ್ಲಿದೆ, ಇವತ್ತೇ ನೋಡಿ. ಒಬ್ಬರ ಹೆಸರಲ್ಲಿದ್ದರೆ ಸಾಮಾನ್ಯ ಫೋಲ್ಡರ್‌ಗೆ ಸೇರಿಸಿ. ಹೊರಡುವ ಹಿರಿಯರಿದ್ದರೆ ಸಂಕೋಚ ಬಿಟ್ಟು ಕೇಳಿ. ನೀವು ಕೇಳಲೆಂದೇ ಅವರು ಕಾಯುತ್ತಿರಬಹುದು.