ಮುರಗೋಡದ ಆಂಪ್ಲಿಫೈಯರ್

ಬೈಲಹೊಂಗಲದ ಪೇಟೆಯಲ್ಲಿ ಗೌಸಸಾಬರ ರೇಡಿಯೊ ಅಂಗಡಿಯನ್ನು ಈಗ ನಡೆಸುವವಳು ಅವರ ಮಗಳು ಸಾಯಿರಾ. ಅಪ್ಪ ತೀರಿಕೊಂಡ ವರ್ಷ, ಹೆಣ್ಣುಮಗಳು ಎಷ್ಟು ದಿನ ಕೂತಾಳು ಎಂದು ಪೇಟೆಯೆಲ್ಲ ಆಡಿಕೊಂಡಿತ್ತು. ಅದಾಗಿ ಹನ್ನೊಂದು ವರ್ಷ. ಅಂಗಡಿಯ ಶಟರ್ ಇವತ್ತಿಗೂ ಒಂಬತ್ತಕ್ಕೆ ಸರಿಯಾಗಿ ಏಳುತ್ತದೆ.

ಶ್ರಾವಣದ ಒಂದು ಮಂಗಳವಾರ ಅಭಯ ಕಾರಿನಿಂದ ಹಳೆಯ ಆಂಪ್ಲಿಫೈಯರೊಂದನ್ನು ಇಳಿಸಿಕೊಂಡು ಬಂದ. ತೇಗದ ಪೆಟ್ಟಿಗೆ, ಹಿತ್ತಾಳೆಯ ಗುಂಡಿಗಳು. ಸವದತ್ತಿ ರಸ್ತೆಯಲ್ಲಿ ಅವನು ಕಟ್ಟಿಸುತ್ತಿದ್ದ ಹೊಟೇಲಿನ ಸ್ಪೀಕರು, ವೈರಿಂಗು ಎಲ್ಲ ಸಾಯಿರಾಳದೇ ಕೆಲಸ. ಈ ವರ್ಷ ಅವಳ ಕೈಗೆ ಬಂದ ದೊಡ್ಡ ಕೆಲಸವೆಂದರೆ ಅದೊಂದೇ.

"ಅಕ್ಕಾ, ಒಳಗಿಂದೆಲ್ಲಾ ತಗದ ಒಗದಬಿಡ್ರಿ," ಎಂದ ಅಭಯ. "ಡಬ್ಬಿ ಅಷ್ಟ ಇರ್ಲಿ. ಒಂದು ಬ್ಲೂಟೂತ್ ಬೋರ್ಡು, ಒಂದು ಕೆಂಪು ಲೈಟು ಹಾಕ್ರಿ. ಕೌಂಟರ್ ಮ್ಯಾಲೆ ಇಟ್ರ ಮಂದಿ ಫೋಟೊ ತಗೋತಾರ."

ಸಾಯಿರಾ ಹಿಂದಿನ ತಗಡು ಬಿಚ್ಚಿದಳು. ಧೂಳಿನ ನಡುವೆ ಗಾಜಿನ ವಾಲ್ವುಗಳು ಸಾಲಾಗಿ ನಿಂತಿದ್ದವು, ಒಂದೂ ಒಡೆದಿರಲಿಲ್ಲ. ವೈರುಗಳನ್ನು ಯಾರೋ ಜಡೆ ಹೆಣೆದ ಹಾಗೆ ನೂಲಿನಿಂದ ಕಟ್ಟಿದ್ದರು. ನೇರ ಕರೆಂಟು ಕೊಡದೆ ನಡುವೆ ಒಂದು ಬಲ್ಬು ಸೇರಿಸಿ ಸ್ವಿಚ್ಚು ಹಾಕಿದಳು. ಬಲ್ಬು ಭಗ್ಗನೆ ಹೊತ್ತಿ ಮೆಲ್ಲಗೆ ಮಂಕಾಯಿತು. ಶಾರ್ಟ್ ಇಲ್ಲ ಎಂದು ಅರ್ಥ. ವಾಲ್ವುಗಳ ಹೊಟ್ಟೆಯಲ್ಲಿ ಕೆಂಡದ ಬಣ್ಣ ಕಂಡಿತು. ಜೋಡಿಸಿದ ಎರಡು ಸ್ಪೀಕರುಗಳಿಂದ ಮಾತ್ರ ಗುಂಯ್ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

"ಇದು ಸತ್ತಿಲ್ಲಪಾ. ಕಂಡೆನ್ಸರ್ ಅಷ್ಟ ಹೋಗ್ಯಾವು. ರಿಪೇರಿ ಮಾಡತೇನಿ. ಕಿತ್ತ ಒಗ್ಯಾಕ ನನ್ನ ಕೈಲೆ ಆಗೂದಿಲ್ಲ."

"ರಿಪೇರಿ ಯಾರ ಕೇಳ್ಯಾರ್ರೀ?"

"ಯಾರದಿದು?"

"ನಮ್ಮಜ್ಜೀದು. ಮುರಗೋಡದಾಗ ಅಟ್ಟದ ಮ್ಯಾಲೆ ಬಿದ್ದಿತ್ತು."

"ಅಜ್ಜಿನ್ನ ಕೇಳಿ ತಂದೀಯೇನು?"

ಅಭಯ ಕಿಸೆಯಿಂದ ಕಾರಿನ ಕೀಲಿ ತೆಗೆದ. "ಗುರುವಾರ ಬರತೇನಿ. ಆಗಿರಬೇಕು," ಎಂದು ಕಾರು ಹತ್ತಿದ.

ಅವನ ಅಜ್ಜಿ ರಾಧಾಬಾಯಿ ಮುರಗೋಡದಲ್ಲಿ ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವರು. ಆ ಊರಿನ ಗಿರಾಕಿಯೊಬ್ಬನಿಂದ ನಂಬರು ಇಸಿದುಕೊಂಡು ಸಾಯಿರಾ ಫೋನು ಮಾಡಿದಳು. ಮರುದಿನ ಹತ್ತರ ಬಸ್ಸಿಗೆ ಅಜ್ಜಿಯೇ ಬಂದಿಳಿದರು. ಕೈಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ರೆಕಾರ್ಡು.

"ಯಾರನ್ನ ಕೇಳಿ ಒಯ್ದಾನ ಅಂವಾ?" ಸ್ಟೂಲಿನ ಮೇಲೆ ಕೂತವರೇ ಶುರು ಮಾಡಿದರು. "ಎಪ್ಪತ್ತೆಂಟರಾಗ ನನ್ನ ಪಗಾರದಾಗ ತಂದದ್ದದು. ಸೊಸಿ ಬಂಗಾರ ಮಾಡಿಸ್ಲಿಲ್ಲ, ಹಾಡೂ ಪೆಟಿಗಿ ತಂದ್ಲು ಅಂತ ನಮ್ಮ ಮಾವನವರು ಎತ್ತಿ ಹೊರಗಿನ ಕಟ್ಟಿ ಮ್ಯಾಲೆ ಇಟ್ರು. ನಾ ಒಳಗ ತಂದೆ. ಮತ್ತ ಇಟ್ರು, ಮತ್ತ ತಂದೆ. ಮೂರನೇ ಸಲಕ್ಕ ಅವರ ಸೊಂಟ ಹಿಡೀತು ನೋಡವಾ, ಅಲ್ಲಿಗೆ ಬಿಟ್ರು."

ಸಾಯಿರಾ ನಕ್ಕಳು. ಬುಧವಾರ ಪೂರ್ತಿ ಕಂಡೆನ್ಸರುಗಳನ್ನು ಒಂದೊಂದಾಗಿ ಬದಲಿಸಿದಳು. ಸಂಜೆ ಅಜ್ಜಿಯನ್ನು ತನ್ನ ಮನೆಗೇ ಕರೆದೊಯ್ದಳು.

ಗುರುವಾರ ಮಧ್ಯಾಹ್ನ ಅಭಯ ಬಂದಾಗ ಜೊತೆಗೆ ಶಿವಲಿಂಗನಿದ್ದ. ಮೆರವಣಿಗೆಗಳಿಗೆ ಡಿಜೆ ಬಾಕ್ಸು ಕಟ್ಟುವವನು. ಸಾಯಿರಾ ಮಾಡದಿದ್ದರೆ ಇವನು ಮಾಡಲಿ ಎಂದು ಅಭಯ ಮೊದಲೇ ತಯಾರಾಗಿ ಬಂದಿದ್ದ.

"ಅಜ್ಜೀ, ನೀ ಹ್ಯಾಂಗ ಬಂದಿ?"

"ಬಸ್ಸಿಗೆ. ಸುಮ್ನ ಕೂಡು."

ಸಾಯಿರಾ ಅಂಗಡಿಯ ರೆಕಾರ್ಡ್ ಪ್ಲೇಯರನ್ನು ಆಂಪ್ಲಿಫೈಯರಿಗೆ ಜೋಡಿಸಿ ಅಜ್ಜಿಯ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದಳು. ಮೊದಲು ಚರಚರ ಎಂದಿತು. ಆಮೇಲೆ ತಂಬೂರಿ ಗೋಡೆಯಿಂದ ಗೋಡೆಗೆ ಹರಡಿತು. ಹೊರಗೆ ಆಟೋಗಳ ಹಾರ್ನು ಇದ್ದೇ ಇತ್ತು. ಅದರೊಳಗಿಂದಲೇ ಭೀಮಪಲಾಸಿ ರಾಗದ ಷಡ್ಜ ಎದ್ದು ಬಂತು. ಧ್ವನಿ ಎರಡು ಸ್ಪೀಕರುಗಳಲ್ಲಿ ಯಾವುದರಿಂದಲೂ ಬಂದಂತಿರಲಿಲ್ಲ. ನಡುವಿನ ಖಾಲಿ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಕೂತು ಹಾಡುತ್ತಿದ್ದಂತಿತ್ತು. ಸ್ವರ ಹಚ್ಚುವ ಮುಂಚೆ ಆಕೆ ಎಳೆದುಕೊಂಡ ಉಸಿರು ಸಹ ಕೇಳಿಸಿತು. ತಬಲಾದ ಎಡದ ಪೆಟ್ಟು ಎದೆಗೆ ಗುದ್ದಲಿಲ್ಲ, ತುಂಬಿದ ಕೊಡ ತಟ್ಟಿದಂತೆ ಬಂತು. ಇಷ್ಟು ವರ್ಷ ನೂರಾರು ಸೆಟ್ಟು ರಿಪೇರಿ ಮಾಡಿದ್ದ ಸಾಯಿರಾಳ ತೋಳಿನ ರೋಮಗಳು ನಿಮಿರಿದವು.

"ಸೌಂಡ್ ಭಾಳ ಕಡಿಮಿ ಐತಿ," ಎಂದ ಶಿವಲಿಂಗ. "ನಮ್ಮ ಬಾಕ್ಸ್ ಹಚ್ಚಿದ್ರ ಎದಿ ನಡಗತೈತಿ."

"ಎದಿ ನಡಗಸೂದು ಇದರ ಕೆಲಸ ಅಲ್ಲೋ. ಆಕಿ ಉಸರ ತಗೊಂಡಿದ್ದ ಕೇಳ್ತೇನು?" ಎಂದಳು ಸಾಯಿರಾ.

ಧ್ವನಿ ಎಲ್ಲಿಂದ ಬರುತ್ತಿದೆ ಎಂದು ಶಿವಲಿಂಗ ಕುತ್ತಿಗೆ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದ.

ಅಭಯನಿಗೆ ಮಾತ್ರ ಹಟ ಹೋಗಲಿಲ್ಲ. "ಚೊಲೋ ಅದ, ಇಲ್ಲ ಅನ್ನೂದಿಲ್ಲ. ಆದ್ರ ನನಗ ಬೇಕಾದದ್ದು ಡಬ್ಬಿ," ಎಂದು ಪೆಟ್ಟಿಗೆಗೆ ಕೈ ಹಾಕಿದ.

ರಾಧಾಬಾಯಿ ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು. "ನಾ ಇನ್ನೂ ಜೀವಂತ ಇದ್ದೇನಿ. ಇದೂ ಜೀವಂತ ಅದ. ಇಬ್ಬರನ್ನೂ ಕೌಂಟರ್ ಮ್ಯಾಲೆ ಇಡೂ ವಿಚಾರ ಬಿಡು."

ಅಭಯನ ಮುಖ ಕೆಂಪಾಯಿತು. ಅಜ್ಜಿಗೆ ಏನೂ ಅನ್ನಲಾರದೆ ಸಾಯಿರಾಳ ಕಡೆ ತಿರುಗಿದ. "ನೀವ ಫೋನ್ ಮಾಡಿದ್ರೇನು?"

"ಹೌದು. ನಾನ ಮಾಡೇನಿ."

"ಹಂಗಾದ್ರ ನಾಳಿಂದ ಹೊಟೇಲಿಗೆ ಬರಬ್ಯಾಡ್ರಿ."

ದೀಪಾವಳಿಯ ತನಕ ಅದೇ ಕೆಲಸವೆಂದು ಸಾಯಿರಾ ನಂಬಿದ್ದಳು. ಆದರೂ ಧ್ವನಿ ಇಳಿಸಲಿಲ್ಲ. "ಬರೂದಿಲ್ಲ. ನನ್ನ ಡ್ರಿಲ್ ಮಶೀನು ಅಲ್ಲೇ ಐತಿ, ಅದನ್ನ ಅಷ್ಟ ಕಳಸ್ರಿ."

ಅವರಿಬ್ಬರೂ ಹೋದ ಮೇಲೂ ರೆಕಾರ್ಡು ತಿರುಗುತ್ತಲೇ ಇತ್ತು. ಅಜ್ಜಿ, ಸಾಯಿರಾ ಆ ಬದಿ ಮುಗಿಯುವ ತನಕ ಕೂತು ಕೇಳಿದರು. ಆಮೇಲೆ ಟಂಟಂ ಗಾಡಿಯಲ್ಲಿ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಮುರಗೋಡಕ್ಕೆ ಹೋದರು. ಈ ಸಲ ಅದು ಅಟ್ಟ ಹತ್ತಲಿಲ್ಲ, ಪಡಸಾಲೆಯಲ್ಲಿ ಕೂತಿತು.

ಹೊಟೇಲಿನ ವೈರಿಂಗು ಶಿವಲಿಂಗನಿಗೆ ಹೋಯಿತು. ಸಾಯಿರಾಳಿಗೆ ಸೊಕ್ಕು ಬಂದೈತಿ, ಬಂದ ಗಿರಾಕಿಯನ್ನ ಹೊರಗ ಹಾಕತಾಳ ಎಂದು ಪೇಟೆಯಲ್ಲಿ ಸುದ್ದಿ ಹಬ್ಬಿತು. ಅದು ಅವಳ ಕಿವಿಗೂ ಬಿತ್ತು. ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಏಣಿ ಹಾಕಿ ಹತ್ತಿದಳು. ಓಡಾಡುವವರೆಲ್ಲ ನಿಂತು ನೋಡುತ್ತಿದ್ದಂತೆ ಅಪ್ಪನ ಹೆಸರಿನ ಕೆಳಗೆ ದಪ್ಪ ಕೆಂಪು ಅಕ್ಷರಗಳಲ್ಲಿ ತಾನೇ ಬರೆದಳು: ಇಲ್ಲಿ ಹಳೇ ಸೆಟ್ಟು ರಿಪೇರಿ ಮಾಡಲಾಗುವುದು. ಕಿತ್ತು ಡಬ್ಬಿ ಮಾಡಿ ಕೊಡಲಾಗುವುದಿಲ್ಲ.