ಒಣಗೋ ತನಕ

ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ, ಗುಹೆಯೊಳಗಿನ ಪಂಜರದ ಗಿಳಿಯಲ್ಲಿ ಇರುತ್ತದಂತೆ. ಗೋಡೆಗೆ ಬಣ್ಣ ಬಳಿಯುವ ಈ ಅಣ್ಣನದು ಅಷ್ಟು ದೂರದ ಮಾತಲ್ಲ; ಎಡಗಡೆಯ ಅಂಗಿ ಜೇಬಿನಲ್ಲೇ ಇತ್ತು. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುವ ಹಳೆಯ ಕಾಲದ ಹಾಡಿನ ಪೆಟ್ಟಿಗೆ. ಅದರ ಹುಟ್ಟುಬಣ್ಣ ಯಾವುದೆಂದು ಯಾರಿಗೂ ನೆನಪಿಲ್ಲ. ಹದಿನಾಲ್ಕು ವರ್ಷ ಅವನು ಬಳಿದ ಗೋಡೆಗಳೆಲ್ಲ ಒಂದೊಂದು ಹನಿ ಕಾಣಿಕೆ ಕೊಟ್ಟು ಅದನ್ನು ಕೋಗಿಲೆಮೊಟ್ಟೆಯಂತೆ ಚುಕ್ಕೆಚುಕ್ಕೆ ಮಾಡಿಬಿಟ್ಟಿದ್ದವು.

ಒಂದೇ ಕೋಟ್‌ಗೆ ಕೈತೊಳೆದುಕೊಳ್ಳುವ ಜಾತಿಯವನಲ್ಲವಾದ್ದರಿಂದ ಎಲ್ಲರೂ ಅವನನ್ನು ‘ಎರಡು ಕೋಟ್’ ಎಂದೇ ಕರೆಯುತ್ತಿದ್ದರು. ಅವನ ಮನೆಯ ನಡುಕೋಣೆ ಮಾತ್ರ ಮದುವೆಯಾದ ವರ್ಷದಿಂದ ಒಂದೇ ಕೋಟ್‌ನಲ್ಲಿ ನಿಂತಿತ್ತು. “ಊರಿಗೆಲ್ಲ ಎರಡು, ನಂಗೆ ಒಂದು,” ಎಂದು ಅವನ ಹೆಂಡತಿ, ಅತ್ತಿಗೆ, ಚುಚ್ಚುವಳು. “ಇನ್ನೂ ಒಣಗಿಲ್ಲ ಕಣೇ,” ಎಂದು ಅವನು ನಗುವನು.

ಪೆಟ್ಟಿಗೆಯಲ್ಲಿ ಹಾಡುಗಳನ್ನು ಅವನು ಹಾಡಿದವರ ಹೆಸರಿನ ಪ್ರಕಾರ ಜೋಡಿಸಿರಲಿಲ್ಲ, ಕೆಲಸದ ಪ್ರಕಾರ ಜೋಡಿಸಿದ್ದ. ಹಳೆ ಬಣ್ಣ ಕೆರೆಯುವಾಗಿನ ಜೋರು ಹಾಡುಗಳಿಗೆ ‘ಕೆರೆಯೋದು’ ಎಂದು ಹೆಸರು. ಆಮೇಲೆ ‘ಮೊದಲ ಕೋಟ್’. ಅದಾದ ಮೇಲೆ ‘ಒಣಗೋ ತನಕ’. ಅದರಲ್ಲಿ ಹನ್ನೊಂದೇ ಹಾಡು. ಕಣ್ಣು ಮುಚ್ಚಿ ಗೋಡೆಗೊರಗಿ ಅಷ್ಟೂ ಕೇಳಿ, ಬಳಿದ ಗೋಡೆಗೆ ಬೆರಳ ಹಿಂಬದಿ ಮುಟ್ಟಿಸುವನು. ಅಂಟಿದರೆ ಮತ್ತೆ ಮೊದಲಿನಿಂದ. ಆ ಹೊತ್ತಿನಲ್ಲಿ ಅವನನ್ನು ಮಾತಾಡಿಸಬಾರದೆಂಬುದು ಜೊತೆಯವರಿಗೆಲ್ಲ ಗೊತ್ತಿತ್ತು.

ನಾಲ್ಕು ತಿಂಗಳ ಹಿಂದೆ, ಯಾರದೋ ಖಾಲಿ ಮನೆಯಲ್ಲಿ, ಅವನು ಹಾಗೆಯೇ ಒರಗಿ ಕೂತಿದ್ದ. “ಹಾಡು ಮುಗೀಲಿ ತಡೀರಿ,” ಎಂದು ಜೊತೆಯವರು ಕಾದರು. ಹಾಡು ಮುಗಿದವು. ಗೋಡೆ ಒಣಗಿತ್ತು. ಅವನ ಕೈ ಗೋಡೆಗಿಂತ ತಣ್ಣಗಿತ್ತು.

ಅಂದಿನಿಂದ ಅತ್ತಿಗೆ ದಿನಾ ಮಧ್ಯಾಹ್ನ ಪಾತ್ರೆ ಬೋರಲು ಹಾಕಿ, ಆ ಒಂಟಿ ಕೋಟ್ ಗೋಡೆಗೆ ಬೆನ್ನು ಕೊಟ್ಟು ‘ಒಣಗೋ ತನಕ’ ಕೇಳುವಳು. ಕೇಳಿ ಮುಗಿಸಿ ನಾದಿನಿಗೆ ಒಂದೇ ಪ್ರಶ್ನೆ ಹಾಕುವಳು.

“ಯಾವ ಹಾಡಲ್ಲಿ ಎದ್ದು ಹೋದ್ರು ಅಂತೀಯ, ಸೂಜಿ?”

ಸೂಜಿ ಎಂದರೆ ನಾದಿನಿ, ಅಣ್ಣನ ಒಬ್ಬಳೇ ತಂಗಿ, ಬಟ್ಟೆ ಹೊಲಿಯುವವಳು. ಸದಾ ತುಟಿಯ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡಿರುವಳೆಂದು ಅಣ್ಣನೇ ಇಟ್ಟ ಹೆಸರು. ಈ ಪ್ರಶ್ನೆಗೆ ಉತ್ತರ ಕೊಡದೆ ಇರಲು ಆ ಸೂಜಿಗಳು ಒಳ್ಳೆಯ ನೆಪವಾಗಿದ್ದವು.

ಒಂದು ದಿನ ಪೆಟ್ಟಿಗೆಯ ಬೆನ್ನು ಉಬ್ಬಿಕೊಂಡಿತು. ಸೂಜಿ ಒಯ್ದು ಕೊಟ್ಟಾಗ ರಿಪೇರಿಯವನು ಅದನ್ನು ತಿರುಗಿಸಿ ನೋಡಿ, “ಬ್ಯಾಟರಿಗೆ ಒಂಬತ್ತು ತಿಂಗಳು ತುಂಬಿದೆಯಲ್ಲಮ್ಮ! ಬದಲಾಯಿಸಿ ಕೊಡ್ತೀನಿ. ಬಿಚ್ಚುವಾಗ ಏನಾಗುತ್ತೋ ಹೇಳೋಕಾಗಲ್ಲ, ಮೊದಲು ಹಾಡೆಲ್ಲ ಒಂದು ಕಂಪ್ಯೂಟರಿಗೆ ಇಳಿಸ್ಕೊಂಡು ಬಾ,” ಎಂದ.

ಅವಳು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಕಸೂತಿ ಚಿತ್ರಗಳಿಗೆಂದು ಒಂದು ಕಂಪ್ಯೂಟರ್ ಇತ್ತು. ಊಟದ ಬಿಡುವಿನಲ್ಲಿ ಸೂಜಿ ಪೆಟ್ಟಿಗೆಗೆ ವೈರು ಸಿಕ್ಕಿಸಿದಳು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ‘ಅಳಿಸಿ ಹೊಂದಿಸಬೇಕೇ?’

ಬೇರೆ ಯಾರಾದರೂ ಆಗಿದ್ದರೆ ಒಂದು ಗಳಿಗೆ ಹಿಂದೆಮುಂದೆ ನೋಡುತ್ತಿದ್ದರೇನೋ. ಸೂಜಿಗೆ ಆ ಎರಡೂ ಮಾತು ಅನ್ನದಷ್ಟು ಪರಿಚಯ. ಬಟ್ಟೆಯ ಮೇಲೆ ಸೀಮೆಸುಣ್ಣದ ತಪ್ಪು ಗೆರೆ ಬಿದ್ದರೆ ಅದನ್ನು ಅಳಿಸಿ, ತೋಳನ್ನು ಕಂಕುಳಿಗೆ ಹೊಂದಿಸಿ, ಆಮೇಲೆ ಹೊಲಿಗೆ ಹಾಕುವುದು. ಅಳಿಸಿದರೆ ಹೋಗುವುದು ಗೆರೆ ಮಾತ್ರ, ಬಟ್ಟೆಗೇನೂ ಆಗುವುದಿಲ್ಲ. ಎಷ್ಟು ಮರ್ಯಾದಸ್ಥ ಯಂತ್ರ, ಕೇಳಿಯೇ ಮಾಡುತ್ತದೆ ಎಂದುಕೊಂಡು ‘ಹೌದು’ ಒತ್ತಿದಳು.

ತುಟಿಯಲ್ಲಿದ್ದ ಎರಡು ಸೂಜಿಗಳನ್ನು ತೆಗೆದು ಮೆತ್ತೆಗೆ ಚುಚ್ಚುವಷ್ಟೂ ಹೊತ್ತು ಹಿಡಿಯಲಿಲ್ಲ. ಒಂದೂ ಹಾಡಿಲ್ಲದ ಕಂಪ್ಯೂಟರಿಗೆ ಹೊಂದಿಕೊಂಡ ಪೆಟ್ಟಿಗೆಯಲ್ಲಿ ‘ಕೆರೆಯೋದು’ ಇರಲಿಲ್ಲ, ‘ಮೊದಲ ಕೋಟ್’ ಇರಲಿಲ್ಲ. ‘ಹಾಡುಗಳಿಲ್ಲ’ ಎಂಬ ಒಂದು ಸಾಲು ಮಾತ್ರ ಇತ್ತು.

ರಿಪೇರಿಯವನು ಎರಡು ದಿನ ತಿಣುಕಿ ಕೈಚೆಲ್ಲಿದ. ಹೊಸ ಬ್ಯಾಟರಿ ಹಾಕಿ, ತನ್ನ ಬಳಿಯಿದ್ದ ಸಾವಿರಾರು ಹಾಡುಗಳನ್ನು ಅವಳ ಮುಂದೆ ತೆರೆದಿಟ್ಟ. ಬೇರೆ ಪಟ್ಟಿಗಳು ಹೋದರೆ ಹೋಗಲಿ, ‘ಒಣಗೋ ತನಕ’ ಒಂದನ್ನಾದರೂ ಕಟ್ಟಬೇಕು. ಸೂಜಿ ಕಣ್ಣು ಮುಚ್ಚಿ ಅಣ್ಣನ ಗುನುಗನ್ನು ನೆನೆದಳು. ದೋಣಿಯವನ ಹಾಡು, ಜೋಗುಳ, ಬಾವಿಗಿಳಿದ ಚಂದ್ರನ ಹಾಡು, ಬರೀ ಕೊಳಲಿನದೊಂದು... ಹೀಗೆ ಹತ್ತು ಸಿಕ್ಕವು. ಉಳಿದ ಒಂದು ಏನು ಮಾಡಿದರೂ ನೆನಪಿಗೆ ಬರಲಿಲ್ಲ. ಯಂತ್ರ ಅವುಗಳನ್ನು ಅಕ್ಷರಮಾಲೆಯ ಪ್ರಕಾರ, ಶಾಲೆಯ ಹಾಜರಿಯಂತೆ ಸಾಲಾಗಿ ನಿಲ್ಲಿಸಿತು. ದುಃಖದಲ್ಲಿರುವವರು ಲೆಕ್ಕ ಇಡುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮನೆಗೆ ಬಂದಳು.

“ಹುಷಾರಾಯ್ತು ಅತ್ತಿಗೆ. ತಗೊಳ್ಳಿ.”

ಅತ್ತಿಗೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೂಸನ್ನು ಎತ್ತಿಕೊಳ್ಳುವಂತೆ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ಗೋಡೆಗೆ ಬೆನ್ನು ಕೊಟ್ಟು ಕೂತಳು. ಸೂಜಿ ಹೊಲಿಗೆ ಯಂತ್ರದ ಹಿಂದೆ ಅಡಗಿ, ದಾರವೇ ಇಲ್ಲದೆ ಪೆಡಲು ತುಳಿಯುತ್ತಿದ್ದಳು. ಮೊದಲ ಹಾಡಿಗೇ ಅತ್ತಿಗೆಯ ಹುಬ್ಬು ಗಂಟಾಯಿತು. ಎರಡನೆಯದರ ನಡುವೆ ಅವಳು ಕಿವಿಯಿಂದ ವೈರು ತೆಗೆದಳು.

“ಕೆಮ್ಮು ಎಲ್ಲಿ?”

“ಏನು ಅತ್ತಿಗೆ?”

“ದೋಣಿ ಹಾಡಲ್ಲಿ ಕೆಮ್ಮು ಇತ್ತು. ಅವರು ಅದನ್ನ ರೇಡಿಯೋದಿಂದ ಪೆಟ್ಟಿಗೆಗೆ ಹಿಡ್ಕೊಳ್ಳೋವಾಗ ಪಕ್ಕದಲ್ಲಿ ನಿಂತು ನಾನೇ ಕೆಮ್ಮಿದ್ದು. ಬಾಯಿಗೆ ಬಂದ ಹಾಗೆ ಬೈದಿದ್ರು ಅವತ್ತು. ಆಮೇಲೆ ಅಳಿಸ್ಲೇ ಇಲ್ಲ.” ಪೆಟ್ಟಿಗೆಯನ್ನು ಮಡಿಲಲ್ಲಿ ಇಳಿಸಿದಳು. “ಇದು ಅವರದ್ದಲ್ಲ, ಸೂಜಿ.”

ಪೆಡಲು ನಿಂತಿತು. ಸೂಜಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಬಿಡುವಿನ ಹೊತ್ತು, ವೈರು, ಪರದೆ, ಪ್ರಶ್ನೆ.

“ಏನಂತ ಕೇಳ್ತು?”

“ಅಳಿಸಿ ಹೊಂದಿಸಬೇಕೇ ಅಂತ.”

“ನೀನು?”

“ಹೌದು ಅಂದೆ ಅತ್ತಿಗೆ. ಗೆರೆ ಅಂದ್ಕೊಂಡೆ.”

ಅತ್ತಿಗೆ ಪೆಟ್ಟಿಗೆಯ ಮೇಲಿನ ಬಣ್ಣದ ಚುಕ್ಕೆಗಳನ್ನು ಬೆರಳಿನಿಂದ ಸವರಿದಳು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಕೊನೆಗೆ, ನಗುವೋ ಅಳುವೋ ತಿಳಿಯದ ದನಿಯಲ್ಲಿ ಅಂದಳು:

“ಅದೇನು ಸುಳ್ಳು ಹೇಳಿಲ್ಲ ಬಿಡು. ಅಳಿಸ್ತೀನಿ ಅಂತು, ಅಳಿಸ್ತು.”

ಸೂಜಿಗೆ ಆಗ ಅಳು ಬಂತು. ಅಣ್ಣ ಹೋದ ದಿನ ಮನೆ ತುಂಬ ಜನರಿಗೆ ನೀರು ಕೊಡುತ್ತ ಓಡಾಡಿ ಉಳಿಸಿಟ್ಟಿದ್ದ ಅಳು ಅದು. ಅತ್ತಿಗೆ ಸಮಾಧಾನ ಮಾಡಲಿಲ್ಲ, ತಡೆಯಲೂ ಇಲ್ಲ. ಮುಗಿಯುವ ತನಕ ಕಾದು, “ಸೀಮೆಸುಣ್ಣ ಇದೆಯಾ?” ಎಂದಳು.

“ಯಾಕೆ?”

“ಬರಿ. ಇಲ್ಲೇ, ಗೋಡೆ ಮೇಲೆ. ಹೇಗೂ ಎರಡನೇ ಕೋಟ್ ಬರಲ್ಲ ಇನ್ನು.”

ಅತ್ತಿಗೆ ಹೇಳುತ್ತ ಹೋದಳು, ಸೂಜಿ ಬರೆಯುತ್ತ ಹೋದಳು. ಒಂದು, ಜೋಗುಳ. ಎರಡು, ಕೊಳಲು. ಮೂರು, ದೋಣಿ; ಪಕ್ಕದಲ್ಲಿ ‘ಕೆಮ್ಮು’ ಅಂತಾನೂ ಬರಿ. ಹೀಗೆ ಏಳು ಆಯಿತು. ಅಲ್ಲಿಗೆ ಅತ್ತಿಗೆಯ ಬಾಯಿ ನಿಂತಿತು.

“ಎಂಟನೇದು?”

“ತಡಿ.” ಏಳನೆಯದರ ಕೊನೆಯ ಸಾಲನ್ನು ಮತ್ತೆ ಗುನುಗಿ ನೋಡಿದಳು. “ಒಂಬತ್ತು ಬಾವಿಗಿಳಿದ ಚಂದ್ರ. ಹತ್ತು, ಹನ್ನೊಂದೂ ಗೊತ್ತು. ಎಂಟು... ಎಂಟು ನಿಂಗೆ ಗೊತ್ತಾ?”

“ನಂಗೂ ಅದೊಂದೇ ಸಿಗಲಿಲ್ಲ ಅತ್ತಿಗೆ. ಅಣ್ಣ ಅದನ್ನ ಗುನುಗಿದ್ದನ್ನೇ ನಾನು ಕೇಳಿಲ್ಲ.”

“ನಾಲ್ಕು ತಿಂಗಳು ದಿನಾ ಹಾಕಿದೀನಿ ಕಣೆ. ದಿನಾ ಅಲ್ಲಿಗೆ ಬರೋ ಹೊತ್ತಿಗೆ ಅಳು ಬಂದ್ಬಿಡೋದು. ಅಳು ನಿಲ್ಲೋ ಹೊತ್ತಿಗೆ ಚಂದ್ರ ಬಂದಿರ್ತಿದ್ದ. ಒಂದಿನಾನೂ ಅದನ್ನ ಕಿವಿಗೊಟ್ಟು ಕೇಳ್ಲಿಲ್ಲ ನಾನು.”

ಇಬ್ಬರೂ ಗೋಡೆ ನೋಡಿದರು. ಏಳರ ಕೆಳಗೆ ಸೂಜಿಯ ಸೀಮೆಸುಣ್ಣ ಹಾಗೇ ತಡೆದು ನಿಂತಿತ್ತು.

“ಅದ್ರಲ್ಲೇ ಹೋಗಿರ್ಬೇಕು ಅವರು,” ಎಂದಳು ಅತ್ತಿಗೆ ಮೆಲ್ಲಗೆ. ಮೊದಲ ಸಲ ಅದು ಪ್ರಶ್ನೆಯಾಗಿರಲಿಲ್ಲ. “ಹೋಗ್ತಾ ಜೊತೆಗೇ ತಗೊಂಡು ಹೋಗಿದಾರೆ.”

ಸೂಜಿ ಎಂಟು ಎಂದು ಬರೆದು, ಅದರ ಮುಂದೆ ಒಂದು ಹಾಡು ಹಿಡಿಸುವಷ್ಟು ಜಾಗ ಬಿಟ್ಟು, ಕೆಳಗೆ ಒಂಬತ್ತು ಬರೆದಳು. ಅತ್ತಿಗೆ ಎದ್ದು ಬಂದು, ಆ ಖಾಲಿ ಜಾಗಕ್ಕೆ ಬೆರಳ ಹಿಂಬದಿಯನ್ನು ಮೆಲ್ಲಗೆ ಮುಟ್ಟಿಸಿದಳು.